ಲೈಟ್ ಕೊಳ್ಳುವ ಮೊದಲು ಕೋಣೆ ಅಳೆಯಿರಿ: ಸ್ಟುಡಿಯೊ ಸ್ಟ್ರೋಬ್, ಸಾಫ್ಟ್‌ಬಾಕ್ಸ್ ಆರಿಸುವ ಬಗೆ

ಸ್ಟುಡಿಯೊ ಲೈಟ್ ಕೊಳ್ಳಲು ಹೊರಟವರು ಮೊದಲು ಕೇಳುವುದು "ಎಷ್ಟು ವ್ಯಾಟ್‌ದು ತಗೊಳ್ಳಲಿ?" ಅಂತ. 300 ಸಾಕಾ, 600 ಬೇಕಾ ಎಂಬ ಚರ್ಚೆ ಗಂಟೆಗಟ್ಟಲೆ ನಡೆಯುತ್ತದೆ. ಫೋಟೊದಲ್ಲಿ ಬೆಳಕು ಹೇಗೆ ಕಾಣುತ್ತದೆ ಎಂಬುದಕ್ಕೂ ಆ ಅಂಕಿಗೂ ಸಂಬಂಧ ತೀರಾ ಕಡಿಮೆ. ಲೈಟಿನ ಮುಂದಿರುವ ಸಾಫ್ಟ್‌ಬಾಕ್ಸ್ (ಬಿಳಿ ಬಟ್ಟೆಯ ಮುಖವಿರುವ ಪೆಟ್ಟಿಗೆ) ಅಥವಾ ಛತ್ರಿ ಎಷ್ಟು ದೊಡ್ಡದು, ಅದು ಮುಖಕ್ಕೆ ಎಷ್ಟು ಹತ್ತಿರ ಇದೆ, ಸುತ್ತಲಿನ ಗೋಡೆಗಳು ಬೆಳಕನ್ನು ಏನು ಮಾಡುತ್ತಿವೆ, ಚಿತ್ರದ ಗುಣ ನಿಂತಿರುವುದು ಇವುಗಳ ಮೇಲೆ. ಅದಕ್ಕೇ ಆಯ್ಕೆಯನ್ನು ಹಿಂದಿನಿಂದ ಶುರು ಮಾಡಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಮೊದಲು ಕೋಣೆ ಮತ್ತು ವಸ್ತು, ಆಮೇಲೆ ಮಾಡಿಫೈಯರ್ (ಸಾಫ್ಟ್‌ಬಾಕ್ಸ್, ಛತ್ರಿಯಂಥ, ಬೆಳಕಿನ ರೂಪ ಬದಲಿಸುವ ಸಲಕರಣೆ), ಆಮೇಲೆ ಅದನ್ನು ಹಿಡಿಯುವ ಮೌಂಟ್, ಕೊನೆಗೆ ಲೈಟ್.

ಮಾತು ಸ್ಪಷ್ಟವಾಗಿರಲಿ ಅಂತ ಒಂದು ಕೋಣೆಯನ್ನು ಇಟ್ಟುಕೊಳ್ಳೋಣ. 10 ಅಡಿ ಅಗಲ, 12 ಅಡಿ ಉದ್ದ, ಮೇಲೊಂದು ಸೀಲಿಂಗ್ ಫ್ಯಾನ್, ಒಂದು ಕಿಟಕಿ, ಗೋಡೆಗೆ ತಿಳಿ ಬಣ್ಣ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಯಾವ ಊರಲ್ಲಾದರೂ ಬಾಡಿಗೆ ಮನೆಯ ರೂಮು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಮನೆಯಿಂದಲೇ ಸೀರೆ ಮಾರುವವರು, ಒಡವೆಯ ಫೋಟೊ ತೆಗೆಯುವವರು, ಪೋರ್ಟ್‌ಫೋಲಿಯೊ ಮಾಡಿಕೊಡುವವರು ಬಹಳ ಮಂದಿ ಇಂಥ ಕೋಣೆಯಲ್ಲೇ ಕೆಲಸ ಶುರು ಮಾಡುತ್ತಾರೆ.

ತುಂಬಲು ಸೆಕೆಂಡು, ಖಾಲಿಯಾಗಲು ಕ್ಷಣ

ಸ್ಟ್ರೋಬ್ ಅಂದರೆ ಸ್ಟುಡಿಯೊದ ಫ್ಲ್ಯಾಶ್ ಲೈಟ್. ಅದರ ಒಳಗೆ ಮುಖ್ಯವಾದವು ಎರಡು: ಒಂದು ಕೆಪಾಸಿಟರ್, ಇನ್ನೊಂದು ಕ್ಸೆನಾನ್ ಅನಿಲ ತುಂಬಿದ ಗಾಜಿನ ಟ್ಯೂಬ್. ಕೆಪಾಸಿಟರನ್ನು ಮನೆ ಮೇಲಿನ ನೀರಿನ ಟ್ಯಾಂಕ್ ಅಂದುಕೊಳ್ಳಿ. ಸಣ್ಣ ಪೈಪಿನಲ್ಲಿ ನಿಧಾನವಾಗಿ ತುಂಬುತ್ತದೆ, ತಳದ ಮುಚ್ಚಳ ತೆಗೆದರೆ ಒಂದೇ ಸಲ ಸುರಿದುಬಿಡುತ್ತದೆ. ಪ್ಲಗ್ಗಿನಿಂದಲೋ ಬ್ಯಾಟರಿಯಿಂದಲೋ ಬಂದ ವಿದ್ಯುತ್ತು ಒಂದೆರಡು ಸೆಕೆಂಡಿನಲ್ಲಿ ಅಲ್ಲಿ ಸೇರುತ್ತದೆ. ಶಟರ್ ಒತ್ತಿದಾಗ ಅಷ್ಟೂ ಟ್ಯೂಬಿನ ಮೂಲಕ ಹರಿದು, ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದ ಆಸುಪಾಸಿನಲ್ಲಿ ಬೆಳಕಾಗಿ ಮುಗಿಯುತ್ತದೆ. 1930ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಜರ್ಟನ್ ಇಂಥ ಫ್ಲ್ಯಾಶ್ ಬಳಸಿ ಚಿಮ್ಮುವ ಹಾಲಿನ ಹನಿಯನ್ನು ಕಿರೀಟದ ಆಕಾರದಲ್ಲಿ ನಿಲ್ಲಿಸಿ ತೋರಿಸಿದರು. ಇವತ್ತಿನ ಲೈಟುಗಳು ನಡೆಯುವುದೂ ಅದೇ ತತ್ವದ ಮೇಲೆ.

ಡಬ್ಬಿಯ ಮೇಲೆ ಬರೆದಿರುವ 300 ಅಥವಾ 600 ಅನ್ನುವುದು ವ್ಯಾಟ್-ಸೆಕೆಂಡ್, ಅಂದರೆ ಜೂಲ್. ಕೆಪಾಸಿಟರಿನಲ್ಲಿ ಎಷ್ಟು ಶಕ್ತಿ ಸೇರುತ್ತದೆ ಎಂಬ ಲೆಕ್ಕ ಅದು. ಅದರಲ್ಲಿ ಎಷ್ಟು ಬೆಳಕಾಯಿತು, ಎಷ್ಟು ಶಾಖವಾಯಿತು, ಎಷ್ಟನ್ನು ಸಾಫ್ಟ್‌ಬಾಕ್ಸಿನ ಬಟ್ಟೆ ನುಂಗಿತು ಎಂಬುದು ಆ ಅಂಕಿಯಲ್ಲಿ ಇಲ್ಲ.

ಎಲ್‌ಇಡಿ ಲೈಟ್ ಸಾಲದಾ ಅಂತ ಕೇಳುವವರಿಗೆ ಒಂದು ಸಣ್ಣ ಲೆಕ್ಕ. 60 ವ್ಯಾಟಿನ ಎಲ್‌ಇಡಿ ಲೈಟ್ ಹಾಕಿ 1/125 ಸೆಕೆಂಡಿನ ಫೋಟೊ ತೆಗೆದರೆ, ಆ ಹೊತ್ತಿನಲ್ಲಿ ಲೈಟ್ ಬಳಸಿದ ಶಕ್ತಿ 60ನ್ನು 125ರಿಂದ ಭಾಗಿಸಿದಷ್ಟು. ಅಂದರೆ ಅರ್ಧ ವ್ಯಾಟ್-ಸೆಕೆಂಡಿಗೂ ಕಡಿಮೆ. ಪಕ್ಕದಲ್ಲಿ ಸಾಧಾರಣ ಸ್ಟ್ರೋಬ್ ಪೂರ್ತಿ ಪವರಿನಲ್ಲಿ 300 ಸುರಿಯುತ್ತದೆ. ಎಲ್‌ಇಡಿ ವಿದ್ಯುತ್ತನ್ನು ಕ್ಸೆನಾನ್‌ಗಿಂತ ಚೆನ್ನಾಗಿ ಬಳಸಿಕೊಳ್ಳುತ್ತದೆ ಅಂತ ಹಿಡಿದರೂ ಅಂತರ ನೂರಾರು ಪಟ್ಟು. ವಿಡಿಯೊ ಮಾಡುವವರಿಗೆ ಎಲ್‌ಇಡಿ ಬೇಕೇ ಬೇಕು. ಬರೀ ಫೋಟೊ ತೆಗೆಯುವವರಿಗೆ ಅದೇ ದುಡ್ಡಿನಲ್ಲಿ ಸ್ಟ್ರೋಬ್ ಕೊಡುವ ಬೆಳಕು ಎಷ್ಟೋ ಜಾಸ್ತಿ.

ಈ ಬಲದಿಂದ ಇನ್ನೊಂದು ಲಾಭ ಇದೆ. ಐಎಸ್‌ಒ 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8, ಶಟರ್ 1/160 ಇಟ್ಟು ಫ್ಲ್ಯಾಶ್ ಇಲ್ಲದೆ ಒಂದು ಫ್ರೇಮ್ ತೆಗೆದು ನೋಡಿ. ರೂಮಿನ ಟ್ಯೂಬ್‌ಲೈಟ್ ಉರಿಯುತ್ತಿದ್ದರೂ ಚಿತ್ರ ಹೆಚ್ಚುಕಡಿಮೆ ಪೂರ್ತಿ ಕಪ್ಪಾಗಿ ಬರಬೇಕು. ಬಂದರೆ, ಇನ್ನು ಚಿತ್ರದಲ್ಲಿ ಕಾಣುವ ಬೆಳಕೆಲ್ಲ ನೀವೇ ಹಾಕಿದ್ದು. ಟ್ಯೂಬ್‌ಲೈಟಿನ ಹಸಿರು ಛಾಯೆ, ಕಿಟಕಿಯ ನೀಲಿ, ಯಾವುದೂ ಬೆರೆಯುವುದಿಲ್ಲ. ಸ್ಟುಡಿಯೊ ಕೆಲಸ ಪ್ರತಿ ಸಲ ಈ ಕಪ್ಪು ಫ್ರೇಮಿನಿಂದಲೇ ಶುರುವಾಗಬೇಕು.

ಮೃದು ಬೆಳಕು ಬರುವುದು ಎಲ್ಲಿಂದ

ಮೂಗಿನ ನೆರಳು ಕೆನ್ನೆಯ ಮೇಲೆ ಬೀಳುತ್ತದಲ್ವಾ, ಅದರ ಅಂಚನ್ನು ನೋಡಿ. ಗೆರೆ ಎಳೆದ ಹಾಗೆ ಚೂಪಾಗಿದ್ದರೆ ಅದು ಗಡಸು ಬೆಳಕು. ಬೆಳಕಿನಿಂದ ಕತ್ತಲಿಗೆ ನಿಧಾನವಾಗಿ ಇಳಿದರೆ ಮೃದು ಬೆಳಕು. ಅಂಚು ಹೇಗಿರಬೇಕೆಂದು ತೀರ್ಮಾನಿಸುವುದು ಕೂತಿರುವವರ ಕಣ್ಣಿಗೆ ಬೆಳಕಿನ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಸೂರ್ಯ ಭೂಮಿಗಿಂತ ಎಷ್ಟೋ ದೊಡ್ಡವನು, ಆದರೆ ತುಂಬಾ ದೂರ ಇರುವುದರಿಂದ ನಮಗೆ ಸಣ್ಣ ಬಿಲ್ಲೆ. ಅದಕ್ಕೇ ಮಧ್ಯಾಹ್ನದ ನೆರಳು ಅಷ್ಟು ಚೂಪು. ಮಳೆಗಾಲದಲ್ಲಿ ಮೋಡ ಮುಸುಕಿದಾಗ ಇಡೀ ಆಕಾಶವೇ ಬೆಳಕಿನ ಮೂಲವಾಗುತ್ತದೆ, ನೆರಳಿಗೆ ಅಂಚೇ ಇರುವುದಿಲ್ಲ.

ಸಾಫ್ಟ್‌ಬಾಕ್ಸಿಗೂ ಇದೇ ಮಾತು. 90 ಸೆಂಟಿಮೀಟರ್ ಆಕ್ಟಾಬಾಕ್ಸ್ (ಎಂಟು ಮೂಲೆಯ ಸಾಫ್ಟ್‌ಬಾಕ್ಸ್) ಮುಖದಿಂದ 3 ಅಡಿ ದೂರದಲ್ಲಿದ್ದರೆ ಬಹಳ ಮೃದು. ಅದನ್ನೇ 6 ಅಡಿ ದೂರಕ್ಕೆ ಸರಿಸಿದರೆ ಕಾಣುವ ಗಾತ್ರ ಅರ್ಧವಾಗುತ್ತದೆ, ನೆರಳು ಬಿಗಿಯಾಗುತ್ತದೆ. ದುಬಾರಿ ಬಟ್ಟೆ, ಇನ್ನೊಂದು ಪದರ ಡಿಫ್ಯೂಷನ್, ಇವು ಬೆಳಕನ್ನು ಮೇಲ್ಮೈ ಪೂರ್ತಿ ಸಮನಾಗಿ ಹರಡುತ್ತವೆ. ಗಾತ್ರವನ್ನು ಹೆಚ್ಚಿಸುವುದಿಲ್ಲ. ಕ್ಯಾಮೆರಾ ಮೇಲೆ ಕೂರುವ ಸಣ್ಣ ಫ್ಲ್ಯಾಶ್, ಅಂದರೆ ಸ್ಪೀಡ್‌ಲೈಟ್ ತಲೆಗೆ ಸಿಕ್ಕಿಸುವ ಪುಟ್ಟ ಬಿಳಿ ಪ್ಲಾಸ್ಟಿಕ್ ಟೋಪಿ ಬಯಲಿನಲ್ಲಿ ಏನೂ ಮೃದು ಮಾಡುವುದಿಲ್ಲ, ಸುಮ್ನೆ ಪವರ್ ತಿನ್ನುತ್ತದೆ. ಕೋಣೆಯ ಒಳಗೆ ಅದು ಕೆಲಸ ಮಾಡಿದಂತೆ ಕಾಣುವುದು ಗೋಡೆ, ಚಾವಣಿಗೆ ಬೆಳಕು ಚೆಲ್ಲಿ ಅವುಗಳನ್ನೇ ದೊಡ್ಡ ಮೂಲ ಮಾಡುವುದರಿಂದ.

ಒಂದು ಅಂದಾಜು ಸೂತ್ರ ಇದೆ, ಶುರುವಿಗೆ ಚೆನ್ನಾಗಿದೆ: ಸಾಫ್ಟ್‌ಬಾಕ್ಸಿನ ಅಡ್ಡಳತೆ ಎಷ್ಟೋ, ಮುಖದಿಂದ ಅಷ್ಟೇ ದೂರ ಇಡಿ. 90 ಸೆಂಟಿಮೀಟರಿನದಾದರೆ ಸುಮಾರು 3 ಅಡಿ.

ನೆರಳಿನ ಅಂಚು ಒಂದು, ನೆರಳಿನ ಗಾಢತೆ ಇನ್ನೊಂದು. ಇವೆರಡನ್ನೂ ಬೆರೆಸಿಕೊಂಡು ಗೊಂದಲ ಮಾಡಿಕೊಳ್ಳುವವರು ಬಹಳ. ಅಂಚು ಮೃದುವಾಗಿದ್ದೂ ನೆರಳು ಕಡುಕಪ್ಪಾಗಿರಬಹುದು. ಗಾಢತೆ ಕಡಿಮೆ ಮಾಡಲು ಇನ್ನೊಂದು ಲೈಟ್ ಬೇಕಿಲ್ಲ. ನೆರಳಿನ ಬದಿಯಲ್ಲಿ ಒಂದು ಬಿಳಿ ಥರ್ಮೊಕೋಲ್ ಶೀಟ್ ನಿಲ್ಲಿಸಿದರೆ ಸಾಕು.

ದೂರದ ಲೆಕ್ಕ

ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಕ್ಯಾಮೆರಾ ಭಾಷೆಯಲ್ಲಿ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ). ಶಾಲೆಯಲ್ಲಿ ಓದಿದ ವಿಲೋಮ ವರ್ಗ ನಿಯಮ ಇದು. ನಮ್ಮ ಕೋಣೆಯಲ್ಲಿ ಇದರ ಉಪಯೋಗ ಎಷ್ಟು ಅಂತ ನೋಡಿ.

ಕೂತವರ ಹಿಂದೆ 4 ಅಡಿ ದೂರದಲ್ಲಿ ಬಿಳಿ ಗೋಡೆ ಇದೆ. ಲೈಟ್ ಮುಖದಿಂದ 3 ಅಡಿ. ಹಾಗಾದರೆ ಗೋಡೆ ಲೈಟಿನಿಂದ ಸುಮಾರು 7 ಅಡಿ. ಮುಖಕ್ಕೆ ಸರಿಯಾಗಿ ಎಕ್ಸ್‌ಪೋಸ್ ಮಾಡಿದರೆ ಗೋಡೆಗೆ ಸುಮಾರು ಎರಡೂವರೆ ಸ್ಟಾಪ್ ಕಡಿಮೆ ಬೆಳಕು ಬೀಳುತ್ತದೆ. ಬಿಳಿ ಗೋಡೆ ಚಿತ್ರದಲ್ಲಿ ಬೂದು ಬಣ್ಣವಾಗುತ್ತದೆ. ಲೈಟನ್ನು 6 ಅಡಿಗೆ ಸರಿಸಿದರೆ ಗೋಡೆ 10 ಅಡಿ ದೂರ, ವ್ಯತ್ಯಾಸ ಒಂದೂವರೆ ಸ್ಟಾಪಿಗೆ ಇಳಿಯುತ್ತದೆ, ಗೋಡೆ ಬೆಳ್ಳಗಾಗುತ್ತದೆ. ಒಂದೇ ಗೋಡೆ, ಒಂದೇ ಲೈಟ್. ಲೈಟನ್ನು ಹಿಂದೆ ಮುಂದೆ ಸರಿಸಿಯೇ ಹಿನ್ನೆಲೆಯ ಬಣ್ಣ ಬದಲಿಸಬಹುದು. ಬೂದು ಬಣ್ಣದ ಪೇಪರ್ ರೋಲ್ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ.

ಆದರೆ ಹತ್ತಿರ ತಂದಷ್ಟೂ ಮುಖದ ಈ ಬದಿಗೂ ಆ ಬದಿಗೂ ವ್ಯತ್ಯಾಸ ಜಾಸ್ತಿಯಾಗುತ್ತದೆ. ಒಬ್ಬರಿಗೆ ಅದು ಚೆಂದ. ಗಂಡ ಹೆಂಡತಿ ಅಕ್ಕಪಕ್ಕ ಕೂತಾಗ ಲೈಟಿನ ಕಡೆ ಇರುವವರು ಬೆಳ್ಳಗೆ, ಇನ್ನೊಬ್ಬರು ಮಂಕಾಗಿ ಬರುತ್ತಾರೆ. ಇಬ್ಬರಿಗಿಂತ ಹೆಚ್ಚು ಮಂದಿಯಾದರೆ ಲೈಟ್ ದೂರ ಹೋಗಲೇಬೇಕು, ದೂರ ಹೋದಾಗಲೂ ಮೃದುವಾಗಿರಬೇಕಾದರೆ ಮಾಡಿಫೈಯರ್ ದೊಡ್ಡದಾಗಬೇಕು.

ಕೋಣೆ ಹಾಕುವ ಕಟ್ಟುಪಾಡು

ಈಗ ಟೇಪ್ ಹಿಡಿಯಿರಿ. 12 ಅಡಿಯಲ್ಲಿ 4 ಅಡಿ ಹಿನ್ನೆಲೆಗೆ ಹೋಯಿತು. ಉಳಿದ 8 ಅಡಿಯಲ್ಲಿ ನೀವು ನಿಲ್ಲಬೇಕು. ಕ್ಯಾಮೆರಾದಿಂದ ಮುಖಕ್ಕೆ ಸಿಗುವುದು 7 ಅಡಿ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 85 ಎಂಎಂ ಲೆನ್ಸ್ ಹಾಕಿ ಉದ್ದಕ್ಕೆ ಹಿಡಿದರೆ ಫ್ರೇಮಿನಲ್ಲಿ ಸುಮಾರು 3 ಅಡಿ ಬರುತ್ತದೆ. ತಲೆಯಿಂದ ಸೊಂಟದವರೆಗೆ. ಸೀರೆಯ ಅಂಚು, ನೆರಿಗೆ ಸಹಿತ ಪೂರ್ತಿ ಆಳು ಬೇಕಾದರೆ 35 ಎಂಎಂಗೆ ಇಳಿಯಬೇಕು. ಈ ಕೋಣೆ ಕೂತವರ ಪೋರ್ಟ್ರೇಟಿಗೂ ಸಣ್ಣ ವಸ್ತುಗಳಿಗೂ ಹೇಳಿ ಮಾಡಿಸಿದ್ದು. ಅದಕ್ಕೆ ತಕ್ಕ ಮಾಡಿಫೈಯರ್ ಕೊಂಡರೆ ದುಡ್ಡು ಉಳಿಯುತ್ತದೆ.

ಎತ್ತರದ ಮಾತು ಇನ್ನೂ ಮುಖ್ಯ. ನಿಂತವರಿಗೆ ಲೈಟಿನ ನಡುಭಾಗ ಆರೂವರೆ ಅಡಿ ಎತ್ತರದಲ್ಲಿ ಇರಬೇಕಾಗುತ್ತದೆ. 120 ಸೆಂಟಿಮೀಟರ್ ಆಕ್ಟಾಬಾಕ್ಸ್ ಅಂದರೆ 4 ಅಡಿ. ಅದರ ಮೇಲಂಚು ಎಂಟೂವರೆ ಅಡಿಗೆ ಹೋಗುತ್ತದೆ. ಅಲ್ಲಿ ಫ್ಯಾನಿನ ರೆಕ್ಕೆ ಇದೆ! ಕೂತವರಿಗಾದರೆ ಒಂದಡಿಗಿಂತ ಹೆಚ್ಚು ಕೆಳಗಿಳಿಸಬಹುದು. ಅದಕ್ಕೇ ಇಂಥ ಕೋಣೆಯಲ್ಲಿ ಮೊದಲ ಸಲಕರಣೆ ಒಂದು ಸ್ಟೂಲು. ಲೈಟ್ ಎತ್ತುವಾಗ ಫ್ಯಾನ್ ಆರಿಸಿರಿ, ಛತ್ರಿ ಹಾಕಿದ್ದರೆ ಕೆಲಸ ಮುಗಿಯುವವರೆಗೂ ಆರಿಸಿಯೇ ಇಡಿ.

ಆಳವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಪ್ಯಾರಾಬೋಲಿಕ್ ಅಂತ ಮಾರುವ ಆಳವಾದ ಸಾಫ್ಟ್‌ಬಾಕ್ಸುಗಳು ಎರಡು ಅಡಿಗಿಂತ ಜಾಸ್ತಿ ಆಳ ಇರುತ್ತವೆ. ಹಿಂದೆ ಲೈಟಿನ ಮೈ ಇನ್ನೊಂದು ಅಡಿ. ಅಗಲ 10 ಅಡಿಯ ಕೋಣೆಯ ನಡುವೆ ಕೂರಿಸಿದರೆ ಪಕ್ಕದ ಗೋಡೆಗೆ 5 ಅಡಿ. ಅದರಲ್ಲಿ 3 ಅಡಿಗೂ ಹೆಚ್ಚು ಸಲಕರಣೆಯೇ ತಿಂದರೆ ಮುಖಕ್ಕೂ ಸಾಫ್ಟ್‌ಬಾಕ್ಸಿಗೂ ನಡುವೆ ಎರಡಡಿಯೂ ಉಳಿಯುವುದಿಲ್ಲ. ಸಣ್ಣ ಕೋಣೆಗೆ ಆಳ ಕಡಿಮೆ ಇರುವ ಸಾಮಾನ್ಯ ಆಕ್ಟಾಬಾಕ್ಸೇ ಸರಿ.

ಇನ್ನು ಗೋಡೆ. ತಿಳಿ ಹಸಿರು ಡಿಸ್ಟೆಂಪರ್ ಬಳಿದಿದ್ದರೆ ಕೆನ್ನೆಯ ನೆರಳಿನ ಬದಿಯಲ್ಲಿ ಹಸಿರು ಬರುತ್ತದೆ, ಗುಲಾಬಿ ಗೋಡೆಯಾದರೆ ಗುಲಾಬಿ. ಎಡಿಟಿಂಗ್‌ನಲ್ಲಿ ಇದನ್ನು ತೆಗೆಯುವುದು ಕಷ್ಟ, ಯಾಕೆಂದರೆ ಬಣ್ಣ ಒಂದೇ ಬದಿಗೆ ಅಂಟಿರುತ್ತದೆ. ಗೋಡೆ ಬಿಳಿಯಾಗಿದ್ದರೆ ಬಣ್ಣದ ತೊಂದರೆ ಇಲ್ಲ, ಆದರೆ ಚೆಲ್ಲಿದ ಬೆಳಕೆಲ್ಲ ತಿರುಗಿ ಬಂದು ನೆರಳನ್ನೇ ಅಳಿಸುತ್ತದೆ. ಎಲ್ಲ ಚಿತ್ರವೂ ಚಪ್ಪಟೆ. ಇದಕ್ಕೆ ಮದ್ದು ಎರಡು: ನೆರಳಿನ ಬದಿಗೆ ದೊಡ್ಡ ಕಪ್ಪು ಬಟ್ಟೆ ತೂಗುಹಾಕುವುದು, ಸಾಫ್ಟ್‌ಬಾಕ್ಸಿಗೆ ಗ್ರಿಡ್ ಹಾಕುವುದು. ಗ್ರಿಡ್ ಅಂದರೆ ಜೇನುಗೂಡಿನ ಹಾಗೆ ಚೌಕ ಚೌಕ ಇರುವ ಕಪ್ಪು ಬಟ್ಟೆ. ಅಡ್ಡಾದಿಡ್ಡಿ ಹೋಗುವ ಬೆಳಕನ್ನು ತಡೆದು ನೇರ ಹೋಗುವುದನ್ನಷ್ಟೇ ಬಿಡುತ್ತದೆ. ದೊಡ್ಡ ಸ್ಟುಡಿಯೊದಲ್ಲಿ ಗ್ರಿಡ್ ಇಲ್ಲದೆಯೂ ನಡೆಯುತ್ತದೆ. 10×12 ರೂಮಿನಲ್ಲಿ ಅದು ಕಡ್ಡಾಯ ಅಂತಲೇ ನಾನು ಹೇಳುತ್ತೇನೆ.

ಯಾವ ಮಾಡಿಫೈಯರ್ ಏನು ಮಾಡುತ್ತದೆ

ಛತ್ರಿ ಎಲ್ಲಕ್ಕಿಂತ ಅಗ್ಗ, ಬಿಚ್ಚಿ ಮಡಚುವುದೂ ಸುಲಭ. ಬಿಳಿ ಛತ್ರಿಯ ಮೂಲಕ ಬೆಳಕು ಹಾಯಿಸಿದರೆ ಮುಂದಕ್ಕೆ ಅರ್ಧ ಹೋಗಿ ಹಿಂದಕ್ಕೆ ಅರ್ಧ ಬರುತ್ತದೆ, ಇಡೀ ರೂಮು ಬೆಳಗುತ್ತದೆ. ಹೊರಗೆ ಕಪ್ಪು, ಒಳಗೆ ಬೆಳ್ಳಿ ಬಣ್ಣದ ಛತ್ರಿಗೆ ಬೆಳಕು ಹೊಡೆದು ವಾಪಸ್ ಪಡೆದರೆ ಪವರ್ ಪೋಲಾಗುವುದು ಕಡಿಮೆ, ಆದರೆ ಹೊಳಪು ಸ್ವಲ್ಪ ಚುರುಕು. ಮನೆಮಂದಿಯ ಗುಂಪು ಫೋಟೊಗೆ ದೊಡ್ಡ ಛತ್ರಿಗಿಂತ ಒಳ್ಳೆಯದು ಇಲ್ಲ. ಸಣ್ಣ ಬಿಳಿ ರೂಮಿನಲ್ಲಿ ಒಬ್ಬರ ಪೋರ್ಟ್ರೇಟಿಗೆ ಅದು ಹತೋಟಿಗೆ ಸಿಗುವುದಿಲ್ಲ.

ಸಾಫ್ಟ್‌ಬಾಕ್ಸ್ ಬೆಳಕಿಗೆ ಅಂಚು ಹಾಕುತ್ತದೆ. ಒಳಗೊಂದು, ಹೊರಗೊಂದು ಬಿಳಿ ಪದರ. ಪದರಕ್ಕೆ ಸುಮಾರು ಒಂದು ಸ್ಟಾಪ್ ಬೆಳಕು ಹೋಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಚೌಕದ್ದಾದರೆ ಕಣ್ಣಲ್ಲಿ ಕಿಟಕಿಯಂಥ ಮಿಂಚು, ಎಂಟು ಮೂಲೆಯದಾದರೆ ದುಂಡನೆಯ ಮಿಂಚು. ಎರಡೂ ಚೆನ್ನಾಗಿರುತ್ತವೆ, ಇದರ ಮೇಲೆ ಜಗಳ ಬೇಡ. ಛತ್ರಿಯ ಹಾಗೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಮಾದರಿ ಸಿಕ್ಕರೆ ಮಾತ್ರ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತಗೊಳ್ಳಿ. ಪ್ರತಿ ಸಲ ಎಂಟು ಕಡ್ಡಿ ಬಗ್ಗಿಸಿ ರಿಂಗಿಗೆ ಸಿಕ್ಕಿಸುವ ಕಷ್ಟಕ್ಕೆ ಎಷ್ಟೋ ಸಾಫ್ಟ್‌ಬಾಕ್ಸುಗಳು ಅಟ್ಟ ಸೇರಿವೆ.

ಬ್ಯೂಟಿ ಡಿಶ್ ಸಾಮಾನ್ಯವಾಗಿ 42 ಅಥವಾ 55 ಸೆಂಟಿಮೀಟರಿನ ಲೋಹದ ತಟ್ಟೆ. ಸಾಫ್ಟ್‌ಬಾಕ್ಸಿಗಿಂತ ಚುರುಕು, ಬರಿಯ ರಿಫ್ಲೆಕ್ಟರಿಗಿಂತ ಮೃದು. ಮೇಕಪ್ ಚೆನ್ನಾಗಿ ಕೂತ ಮುಖಕ್ಕೆ ಕಳೆ ಕೊಡುತ್ತದೆ. ಸೆಕೆಗಾಲದಲ್ಲಿ ಬೆವರಿದ, ಎಣ್ಣೆ ಜಿಡ್ಡಿನ ಚರ್ಮದ ಮೇಲೆ ಅದೇ ತಟ್ಟೆ ಸಣ್ಣ ಸಣ್ಣ ಬಿಳಿ ಚುಕ್ಕೆ ಮೂಡಿಸುತ್ತದೆ. ಮೊದಲ ಕೊಳ್ಳುವಿಕೆಗೆ ಇದು ಬೇಡ. ಸ್ನೂಟ್, ಬಾರ್ನ್‌ಡೋರ್ ಎಂಬ ಬೆಳಕನ್ನು ಕಿರಿದು ಮಾಡುವ ಸಲಕರಣೆಗಳೂ ಬೇಡ, ಕಪ್ಪು ಚಾರ್ಟ್ ಪೇಪರ್ ಸುತ್ತಿ ಆ ಕೆಲಸ ಮಾಡಬಹುದು. ಮಾಡೆಲಿಂಗ್ ಲ್ಯಾಂಪ್ (ಬೆಳಕು ಎಲ್ಲಿ ಬೀಳುತ್ತದೆ ಅಂತ ತೋರಿಸಲು ಸ್ಟ್ರೋಬಿನಲ್ಲಿ ಉರಿಯುತ್ತಲೇ ಇರುವ ಬಲ್ಬ್) ಮಾತ್ರ ಆರಿಸಿರಿ, ಇಲ್ಲದಿದ್ದರೆ ಪೇಪರ್ ಸುಟ್ಟೀತು.

ಕಪ್ಪು ಮೈಬಣ್ಣದವರಿಗೆ ಜಾಸ್ತಿ ಬೆಳಕು ಹೊಡೆಯಬೇಕು ಎಂಬ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಹಾಗೆ ಮಾಡಿದರೆ ಅವರ ನಿಜವಾದ ಬಣ್ಣ ಹೋಗಿ ಬೂದಿ ಬಳಿದಂತಾಗುತ್ತದೆ. ಗಾಢ ಬಣ್ಣದ ಚರ್ಮದ ಅಂದ ಇರುವುದು ಅದರ ಮೇಲೆ ಹರಿಯುವ ಹೊಳಪಿನಲ್ಲಿ. ದೊಡ್ಡ ಸಾಫ್ಟ್‌ಬಾಕ್ಸನ್ನು ಪಕ್ಕದಿಂದ ಹತ್ತಿರ ತನ್ನಿ. ಕೆನ್ನೆ, ಮೂಗು, ದವಡೆಯ ಮೇಲೆ ಅಗಲವಾದ ನಯವಾದ ಹೊಳಪು ಮೂಡಿ ಮುಖದ ಆಕಾರ ಎದ್ದು ಬರುತ್ತದೆ. ಎಕ್ಸ್‌ಪೋಷರ್ ಏರಿಸುವ ಅಗತ್ಯವೇ ಬರುವುದಿಲ್ಲ.

ಬಿದರಿ ಹೂಜಿ, ಜರಿ ಸೀರೆ

ವಸ್ತುಗಳ ಫೋಟೊದಲ್ಲಿ ನಿಯಮ ಇನ್ನೊಂದು ರೀತಿ ಕೆಲಸ ಮಾಡುತ್ತದೆ. ಬೀದರ್‌ನ ಬಿದರಿ ಹೂಜಿಯನ್ನೇ ತಗೊಳ್ಳಿ. ಸತು ಮತ್ತು ತಾಮ್ರದ ಮಿಶ್ರಲೋಹ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪಾಗಿಸಿದ ಮೈ, ಅದರೊಳಗೆ ಕೂರಿಸಿದ ಬೆಳ್ಳಿಯ ಬಳ್ಳಿ. ಕಪ್ಪಿಗೆ ಎಷ್ಟು ಬೆಳಕು ಹೊಡೆದರೂ ಅದು ಕಪ್ಪೇ. ಬೆಳ್ಳಿ ಕನ್ನಡಿ ಇದ್ದ ಹಾಗೆ, ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ನೇರವಾಗಿ ಸಣ್ಣ ಲೈಟ್ ಹೊಡೆದರೆ ಒಂದು ಕಡೆ ಬಿಳಿ ಚುಕ್ಕೆ, ಉಳಿದ ಬೆಳ್ಳಿಯೆಲ್ಲ ಕತ್ತಲ ರೂಮನ್ನು ಪ್ರತಿಫಲಿಸಿ ಕಪ್ಪಿನಲ್ಲೇ ಕರಗುತ್ತದೆ.

ಇಲ್ಲಿ ಕೇಳಬೇಕಾದ ಪ್ರಶ್ನೆ: ಕ್ಯಾಮೆರಾ ಇರುವ ಜಾಗದಿಂದ ನೋಡಿದರೆ ಹೂಜಿಯ ಮೈಯಲ್ಲಿ ರೂಮಿನ ಯಾವ ಭಾಗ ಪ್ರತಿಫಲಿಸುತ್ತಿದೆ? ಅಲ್ಲಿಗೆ ಬಿಳಿ ಬರಬೇಕು. 30×120 ಸೆಂಟಿಮೀಟರಿನ ಸ್ಟ್ರಿಪ್ ಸಾಫ್ಟ್‌ಬಾಕ್ಸನ್ನು ಪಕ್ಕದಲ್ಲಿ ಉದ್ದಕ್ಕೆ ನಿಲ್ಲಿಸಿದರೆ ಹೂಜಿಯ ಉಬ್ಬಿನುದ್ದಕ್ಕೂ ಒಂದು ನೀಳ ಹೊಳಪು ಬರುತ್ತದೆ. ಆ ಹೊಳಪಿನ ಅಂಚು ಗೆರೆ ಎಳೆದ ಹಾಗಿದ್ದರೆ ನಡುವೆ ಟ್ರೇಸಿಂಗ್ ಪೇಪರಿನ ದೊಡ್ಡ ಹಾಳೆ ಇಳಿಬಿಡಿ. ಲೈಟನ್ನು ಹಾಳೆಯಿಂದ ಹಿಂದೆ ಮುಂದೆ ಸರಿಸಿದಂತೆ ಹೊಳಪು ನಡುವಿನಿಂದ ಅಂಚಿಗೆ ಕರಗುವ ರೀತಿ ಬದಲಾಗುತ್ತದೆ. ಇನ್ನೊಂದು ಬದಿಗೆ ಬಿಳಿ ಥರ್ಮೊಕೋಲ್ ಇಟ್ಟರೆ ಅಲ್ಲಿನ ಬೆಳ್ಳಿ ಬಳ್ಳಿಯೂ ಎಚ್ಚರಗೊಳ್ಳುತ್ತದೆ. ಚನ್ನಪಟ್ಟಣದ ಅರಗಿನ ಗೊಂಬೆಗೂ, ಸ್ಟೀಲ್ ಪಾತ್ರೆಗೂ, ಚಿನ್ನದ ಬಳೆಗೂ ಇದೇ ವಿಧಾನ. ಇಲ್ಲಿ ಬಟ್ಟೆಯ ಸಾಫ್ಟ್‌ಬಾಕ್ಸಿಗಿಂತ ಅಗಲವಾದ ಹಾಳೆಯೇ ಹೆಚ್ಚು ಕೆಲಸಕ್ಕೆ ಬರುತ್ತದೆ, ಬೆಲೆಯೂ ಕಡಿಮೆ.

ಸೀರೆಗೆ ಇದಕ್ಕೆ ವಿರುದ್ಧ. ದೊಡ್ಡ ಮೃದು ಬೆಳಕನ್ನು ಎದುರಿನಿಂದ ಹಾಕಿದರೆ ನೇಯ್ಗೆ ಚಪ್ಪಟೆಯಾಗಿ ಮೈಸೂರು ಸಿಲ್ಕೂ ಪಾಲಿಯೆಸ್ಟರೂ ಒಂದೇ ತರಹ ಕಾಣುತ್ತವೆ. ನೂಲು ಕಾಣಬೇಕಾದರೆ ಬೆಳಕು ಬಟ್ಟೆಯ ಮೇಲೆ ಓರೆಯಾಗಿ ಸವರಿಕೊಂಡು ಹೋಗಬೇಕು. ಪಕ್ಕದಿಂದ ಗ್ರಿಡ್ ಹಾಕಿದ ಸ್ಟ್ರಿಪ್ ಒಂದನ್ನು ತಗ್ಗಿನ ಕೋನದಲ್ಲಿ ಇಟ್ಟರೆ ಜರಿಯ ಪ್ರತಿ ಎಳೆಗೂ ತನ್ನದೇ ಹೊಳಪು, ತನ್ನದೇ ನೆರಳು ಬರುತ್ತದೆ.

ಈಗ ವ್ಯಾಟಿನ ಮಾತು

ಪವರ್ ಎರಡು ಪಟ್ಟಾದರೆ ಸಿಗುವುದು ಒಂದೇ ಒಂದು ಸ್ಟಾಪ್. 300ರಿಂದ 600ಕ್ಕೆ ಹೋದರೆ ಎಫ್/8 ಇದ್ದದ್ದು ಎಫ್/11 ಆಗುತ್ತದೆ, ಅಷ್ಟೇ. ಲೈಟನ್ನು ಅರ್ಧ ದೂರಕ್ಕೆ ತಂದರೆ ಎರಡು ಸ್ಟಾಪ್ ಪುಕ್ಕಟೆ ಸಿಗುತ್ತದೆ.

ನಮ್ಮ ಕೋಣೆಯಲ್ಲಿ 90 ಸೆಂಟಿಮೀಟರ್ ಸಾಫ್ಟ್‌ಬಾಕ್ಸ್ ಮುಖದಿಂದ ಒಂದು ಮೀಟರ್ ದೂರದಲ್ಲಿ ಇದ್ದರೆ, 400ರ ಲೈಟನ್ನು ಎಫ್/5.6ಗೆ ಸಾಮಾನ್ಯವಾಗಿ ಪೂರ್ತಿ ಪವರಿನ 1/8ರ ಆಸುಪಾಸಿನಲ್ಲೇ ಇಡಬೇಕಾಗುತ್ತದೆ. ಹಿನ್ನೆಲೆ ಮಸುಕಾಗಲಿ ಅಂತ ಎಫ್/2.8ಗೆ ಹೋದರೆ ಇನ್ನೂ ಎರಡು ಸ್ಟಾಪ್ ಇಳಿಸಬೇಕು, ಅಂದರೆ 1/32. ಅಗ್ಗದ ಪ್ಲಗ್ ಲೈಟುಗಳಲ್ಲಿ ಕೆಲವು 1/16ಕ್ಕೇ ನಿಂತುಬಿಡುತ್ತವೆ, ಕೆಲವು 1/32ಕ್ಕೆ. ಬ್ಯಾಟರಿ ಲೈಟುಗಳಲ್ಲಿ 1/128, 1/256ರವರೆಗೂ ಇಳಿಯುವವು ಇವೆ. ಸಣ್ಣ ರೂಮಿನವರು ನೋಡಬೇಕಾದ ಅಂಕಿ ಇದು: ಎಷ್ಟು ಕಡಿಮೆಗೆ ಇಳಿಯುತ್ತದೆ. ಅಂಗಡಿಯಲ್ಲಿ ಯಾರೂ ಇದನ್ನು ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.

ಜಾಸ್ತಿ ಪವರ್ ಬೇಕಾಗುವ ಜಾಗಗಳೂ ಇವೆ. ದೊಡ್ಡ ಗುಂಪಿಗೆ ಲೈಟ್ 4 ಮೀಟರ್ ಹಿಂದೆ ಹೋದರೆ ಒಂದು ಮೀಟರಿಗಿಂತ ನಾಲ್ಕು ಸ್ಟಾಪ್ ನಷ್ಟ. ಬಯಲಿನಲ್ಲಿ ಬಿಸಿಲಿಗೆ ಸಮ ಮಾಡಬೇಕಾದರೆ ಐಎಸ್‌ಒ 100, 1/200ರಲ್ಲಿ ಎಫ್/11 ಬೇಕು, ಅದೂ ಸಾಫ್ಟ್‌ಬಾಕ್ಸಿನ ಮೂಲಕ. ಮದುವೆಯ ಹೊರಾಂಗಣ ಕೆಲಸ ಮಾಡುವವರು 400ರಿಂದ 600ರ ಬ್ಯಾಟರಿ ಲೈಟ್ ಕೊಳ್ಳುವುದಕ್ಕೆ ಕಾರಣ ಇದೆ. ರೂಮಿನೊಳಗಿನವರಿಗೆ 200ರಿಂದ 300 ಧಾರಾಳ.

ಗೈಡ್ ನಂಬರ್ ಹೋಲಿಸಿ ಕೊಳ್ಳಬೇಡಿ. ಅದು ಐಎಸ್‌ಒ 100ರಲ್ಲಿ ದೂರವನ್ನು ಅಪರ್ಚರಿಗೆ ಗುಣಿಸಿದ ಅಂಕಿ. ಸ್ಪೀಡ್‌ಲೈಟಿನದನ್ನು 200 ಎಂಎಂ ಜೂಮಿನಲ್ಲಿ ಅಳೆದಿರುತ್ತಾರೆ, ಸ್ಟುಡಿಯೊ ಲೈಟಿನದನ್ನು ಯಾವುದೋ ಹೊಳೆಯುವ ರಿಫ್ಲೆಕ್ಟರ್ ಹಾಕಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ಬರುವುದಿಲ್ಲ.

ಚಲನೆ ಹಿಡಿಯುವವರು ಮಾತ್ರ ಫ್ಲ್ಯಾಶ್ ಡ್ಯುರೇಷನ್ ನೋಡಬೇಕು. ಯಕ್ಷಗಾನದ ವೇಷಧಾರಿ ಗಿರಕಿ ಹೊಡೆಯುವಾಗ, ಭರತನಾಟ್ಯದವರು ನೆಗೆಯುವಾಗ ಚಿತ್ರ ಸ್ತಬ್ಧವಾಗಬೇಕಾದರೆ ಶಟರಿಗಿಂತ ಫ್ಲ್ಯಾಶ್ ಎಷ್ಟು ಹೊತ್ತು ಉರಿಯುತ್ತದೆ ಎಂಬುದು ಮುಖ್ಯ. ಕಂಪನಿಗಳು ಇದನ್ನು ಟಿ 0.5 ಎಂಬ ಲೆಕ್ಕದಲ್ಲಿ ಬರೆಯುತ್ತವೆ. ಬೆಳಕು ತುದಿಯಿಂದ ಅರ್ಧಕ್ಕೆ ಇಳಿಯುವವರೆಗಿನ ಹೊತ್ತು ಅದು. ಉಳಿದ ಅರ್ಧವೂ ಚಿತ್ರವನ್ನು ಕಲಸುತ್ತದೆ ಅಲ್ವಾ? ಟಿ 0.1 ಅನ್ನುವುದೇ ನಿಜಕ್ಕೆ ಹತ್ತಿರ. ಹಳೆಯ ರೀತಿಯ ಲೈಟುಗಳಲ್ಲಿ ಅದು ಸುಮಾರು ಮೂರು ಪಟ್ಟು ಉದ್ದ. 1/900 ಅಂತ ಬರೆದಿದ್ದರೆ 1/300 ಅಂದುಕೊಳ್ಳಿ. ಐಜಿಬಿಟಿ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಇರುವ ಲೈಟುಗಳು ಪವರ್ ಇಳಿಸಿದಷ್ಟೂ ಬೆಳಕನ್ನು ಬೇಗ ಕತ್ತರಿಸುತ್ತವೆ, ಆದರೆ ಬಣ್ಣ ಸ್ವಲ್ಪ ನೀಲಿಯ ಕಡೆ ಸರಿಯುತ್ತದೆ. ಹಳೆಯ ವೋಲ್ಟೇಜ್ ರೀತಿಯವು ಪವರ್ ಇಳಿಸಿದಾಗ ನಿಧಾನವಾಗುತ್ತವೆ, ಬಣ್ಣ ಬೆಚ್ಚಗಾಗುತ್ತದೆ. ಸೀರೆಯ ಕ್ಯಾಟಲಾಗ್ ಮಾಡುವವರು ಒಮ್ಮೆ ಪವರ್ ಇಟ್ಟ ಮೇಲೆ ಆ ದಿನದ ಕೆಲಸ ಪೂರ್ತಿ ಅದನ್ನು ಮುಟ್ಟದೆ, ಬಣ್ಣ ಸರಿಹೊಂದಿಸಲು ಒಂದು ಗ್ರೇ ಕಾರ್ಡ್ (ಬೂದು ಬಣ್ಣದ ಹಲಗೆ) ಇಟ್ಟುಕೊಂಡರೆ ಈ ತಲೆನೋವು ಇರುವುದಿಲ್ಲ.

ಮೌಂಟ್, ಟ್ರಿಗರ್

ಲೈಟ್ ಹತ್ತು ವರ್ಷದಲ್ಲಿ ಬದಲಾಗಬಹುದು, ಸಾಫ್ಟ್‌ಬಾಕ್ಸುಗಳು ಜೊತೆಗೇ ಉಳಿಯುತ್ತವೆ. ಆದ್ದರಿಂದ ಅವು ಕೂರುವ ಮೌಂಟನ್ನು ಯೋಚಿಸಿ ಆರಿಸಬೇಕು. ಬ್ರಿಟನ್ನಿನ ಬೋವೆನ್ಸ್ ಕಂಪನಿ 2017ರಲ್ಲಿ ಬಾಗಿಲು ಮುಚ್ಚಿತು. ಅದರ ಎಸ್ ಮೌಂಟ್ ಮಾತ್ರ ಬದುಕಿ ಉಳಿದು, ಇವತ್ತು ಗೊಡಾಕ್ಸ್ ಸೇರಿ ಬಹಳ ಕಂಪನಿಗಳು ಅದನ್ನೇ ಬಳಸುತ್ತಿವೆ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದೂ ಅದೇ. ಸ್ವೀಡನ್ನಿನ ಪ್ರೊಫೋಟೊ, ಸ್ವಿಟ್ಜರ್ಲೆಂಡಿನ ಎಲಿಂಕ್ರೋಮ್ ತಮ್ಮದೇ ಮೌಂಟ್ ಇಟ್ಟುಕೊಂಡಿವೆ. ಸಲಕರಣೆ ಬಹಳ ಚೆನ್ನಾಗಿದೆ, ಆದರೆ ಒಮ್ಮೆ ಆ ದಾರಿ ಹಿಡಿದರೆ ಪ್ರತಿ ಬಿಡಿಭಾಗಕ್ಕೂ ಆ ಬೆಲೆಯೇ. ಸ್ಪೀಡ್‌ಲೈಟ್ ಇರುವವರು ಅದನ್ನು ಹಿಡಿಯುವ ಎಸ್ ಬ್ರಾಕೆಟ್ ಹಾಕಿ ಅದೇ ಬೋವೆನ್ಸ್ ಸಾಫ್ಟ್‌ಬಾಕ್ಸ್ ಬಳಸಬಹುದು. ಈಗಿನಿಂದಲೇ ಆ ಮೌಂಟಿನ ಮಾಡಿಫೈಯರ್ ಕೊಂಡು, ಸ್ಟ್ರೋಬ್ ಆಮೇಲೆ ಕೊಂಡರೂ ನಷ್ಟ ಇಲ್ಲ.

ಟ್ರಿಗರ್, ಅಂದರೆ ಕ್ಯಾಮೆರಾದಿಂದ ಲೈಟಿಗೆ ಹೊಡೆಯಲು ಹೇಳುವ ಸಾಧನ, ಅದರ ವಿಷಯ ಬೇಗ ಮುಗಿಸಬಹುದು. ಸ್ಟುಡಿಯೊದಲ್ಲಿ ಟಿಟಿಎಲ್ (ಕ್ಯಾಮೆರಾವೇ ಪವರ್ ತೀರ್ಮಾನಿಸುವ ರೀತಿ) ಬೇಡ, ಮ್ಯಾನುಯಲ್ ಸಾಕು. ಟ್ರಿಗರಿನಿಂದಲೇ ಪವರ್ ಏರಿಸಿ ಇಳಿಸುವ ಸೌಲಭ್ಯ ಬೇಕೇ ಬೇಕು, ಇಲ್ಲದಿದ್ದರೆ ಫ್ಯಾನ್ ಎತ್ತರದ ಲೈಟಿಗೆ ಪ್ರತಿ ಸಲ ಕುರ್ಚಿ ಹತ್ತಬೇಕು. ಶಟರ್ 1/200 ದಾಟಿದಾಗ ಚಿತ್ರದ ಒಂದು ಅಂಚಿನಲ್ಲಿ ಕಪ್ಪು ಪಟ್ಟಿ ಬಂದರೆ ಲೈಟ್ ಕೆಟ್ಟಿಲ್ಲ. ಶಟರಿನ ಎರಡನೇ ಪರದೆ ಆಗಲೇ ಮುಚ್ಚಲು ಶುರು ಮಾಡಿದೆ. 1/160ಕ್ಕೆ ಇಳಿಸಿ. ಹೈ ಸ್ಪೀಡ್ ಸಿಂಕ್ (ಇದಕ್ಕಿಂತ ವೇಗದ ಶಟರಿನಲ್ಲೂ ಫ್ಲ್ಯಾಶ್ ನಡೆಸುವ ಸೌಲಭ್ಯ) ಬಿಸಿಲಿನಲ್ಲಿ ಅಗಲ ಅಪರ್ಚರ್ ಬೇಕೆನ್ನುವವರಿಗೆ. ರೂಮಿನಲ್ಲಿ ಅದು ಸುಮ್ನೆ ಪವರ್ ಕಳೆಯುತ್ತದೆ.

ಕೊಳ್ಳುವಾಗ, ಕೊಂಡ ಮೇಲೆ

ನಮ್ಮ 10×12 ಕೋಣೆಗೆ ನಾನು ಹೇಳುವ ಮೊದಲ ಗಂಟು ಇದು: ಗ್ರಿಡ್ ಸಹಿತ 90 ಸೆಂಟಿಮೀಟರಿನ ಆಕ್ಟಾಬಾಕ್ಸ್, ಬೋವೆನ್ಸ್ ಮೌಂಟಿನ 200ರಿಂದ 300ರ ಒಂದೇ ಒಂದು ಲೈಟ್, ಟ್ರಿಗರ್, ಒಂದು ಗಟ್ಟಿ ಸ್ಟ್ಯಾಂಡ್, ಎರಡು ಥರ್ಮೊಕೋಲ್ ಶೀಟ್, ನಾಲ್ಕೈದು ಮೀಟರ್ ಕಪ್ಪು ಬಟ್ಟೆ. ಸ್ಟ್ಯಾಂಡಿನಲ್ಲಿ ಉಳಿತಾಯ ಮಾಡಬೇಡಿ. ಮುಂದಕ್ಕೆ ಭಾರ ಇರುವ ಸಾಫ್ಟ್‌ಬಾಕ್ಸ್ ಯಾರ ತಲೆ ಮೇಲಾದರೂ ಬೀಳಬಹುದು. ಮರಳಿನ ಚೀಲವೊಂದನ್ನು ಕಾಲಿನ ಮೇಲೆ ಹಾಕಿ. ವಸ್ತುಗಳ ಫೋಟೊ ಮಾತ್ರ ತೆಗೆಯುವವರು ಆಕ್ಟಾಬಾಕ್ಸಿನ ಬದಲು ಒಂದು ಸ್ಟ್ರಿಪ್, ಒಂದು ರೋಲ್ ಟ್ರೇಸಿಂಗ್ ಪೇಪರ್ ತಗೊಳ್ಳಿ.

ಕರೆಂಟ್ ಹೋಗುವ ಊರಾದರೆ ಬ್ಯಾಟರಿ ಲೈಟಿಗೆ ಹೆಚ್ಚು ಕೊಡುವುದು ಸಾರ್ಥಕ. ಪ್ಲಗ್ ಲೈಟನ್ನು ಮನೆಯ ಚೌಕ ಅಲೆಯ ಇನ್ವರ್ಟರಿಗೆ ಹಾಕಬೇಡಿ. ಅರ್ಥಿಂಗ್ ಸರಿ ಇರುವ ಮೂರು ಪಿನ್ನಿನ ಸಾಕೆಟ್ ಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕ್ಯಾಮೆರಾ ಜೊತೆಗೆ ಹೋಗಿ. ಬಿಳಿ ಗೋಡೆಗೆ ಪೂರ್ತಿ ಪವರಿನಲ್ಲಿ ಹತ್ತಿಪ್ಪತ್ತು ಸಲ ಹೊಡೆದು ಎಲ್ಲ ಫ್ರೇಮೂ ಒಂದೇ ಹೊಳಪಿನಲ್ಲಿವೆಯೇ ನೋಡಿ. ಟ್ಯೂಬಿನ ತುದಿಗಳು ತೀರಾ ಕಪ್ಪಾಗಿದ್ದರೆ ಅದು ಮುಗಿಯುತ್ತಾ ಬಂದಿದೆ, ಬದಲಿ ಟ್ಯೂಬ್ ಸಿಗುತ್ತದೆಯೇ ಕೇಳಿ. ಬಹಳ ಹಳೆಯ ಲೈಟಾದರೆ ವೈರಿನಿಂದ ನೇರವಾಗಿ ಕ್ಯಾಮೆರಾಗೆ ಜೋಡಿಸಬೇಡಿ. ಅವುಗಳ ಟ್ರಿಗರ್ ವೋಲ್ಟೇಜ್ ಇವತ್ತಿನ ಕ್ಯಾಮೆರಾವನ್ನು ಕೆಡಿಸಬಹುದು. ರೇಡಿಯೊ ಟ್ರಿಗರ್ ನಡುವೆ ಇರಲಿ. ಏನೇ ಕೆಟ್ಟರೂ ಲೈಟಿನ ಮೈ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು.

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಸಾಫ್ಟ್‌ಬಾಕ್ಸನ್ನು ಚೀಲದಲ್ಲಿ ಮಡಚಿಟ್ಟು ಮರೆಯಬಾರದು. ಬಿಳಿ ಬಟ್ಟೆಗೆ ಬೂಷ್ಟು ಹಿಡಿದರೆ ಹಳದಿ ಕಲೆ ಉಳಿಯುತ್ತದೆ, ಆ ಹಳದಿ ನಿಮ್ಮ ಫೋಟೊಗೂ ಬರುತ್ತದೆ. ಆಗಾಗ ಬಿಚ್ಚಿ ಗಾಳಿಗೆ ಹಾಕಿ. ಲೈಟನ್ನೂ ತಿಂಗಳಿಗೊಮ್ಮೆ ಆನ್ ಮಾಡಿ, ಸ್ವಲ್ಪ ಹೊತ್ತು ಚಾರ್ಜ್ ಆಗಲು ಬಿಟ್ಟು, ಕಡಿಮೆ ಪವರಿನಿಂದ ಶುರು ಮಾಡಿ ಕೆಲವು ಸಲ ಹೊಡೆದಿಡಿ. ಬಳಸದೆ ಬಿಟ್ಟ ಕೆಪಾಸಿಟರ್ ಬೇಗ ಸತ್ವ ಕಳೆದುಕೊಳ್ಳುತ್ತದೆ.